ಅರಿಶಿನ ದಾರ ಕಟ್ಟಿದ ಟ್ಯಾಂಕು

ರೊಟ್ಟಿ ಹಿಟ್ಟು ನಾದುತ್ತಿದ್ದ ಸೊಸೆಯ ಬಲಗೈಯನ್ನು ಎರ್ರೆಮ್ಮ ಹಿಡಿದೆತ್ತಿ, ಹಿಟ್ಟು ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಮೂಸಿದಳು. ಕಿರುಬೆರಳಿಗೆ ಬಂದಾಗ ಮುಖ ಹಿಂದಕ್ಕೆಳೆದುಕೊಂಡಳು.

"ಪೆಟ್ರೋಲ್ ವಾಸ್ನಿ," ಅಂದಳು.

ಅಂಜಿನಕ್ಕ ಕೈ ಬಿಡಿಸಿಕೊಳ್ಳಲಿಲ್ಲ. "ದೋಣಿ ಒರೆಸಿ ಬಂದೀನಿ ಅತ್ತಿ. ದೋಣಿ ಒರೆಸಿದ ಕೈ ಮಲ್ಲಿಗಿ ವಾಸ್ನಿ ಬರ್ತತೇನು?"

"ದೋಣಿ ದಿನಾ ಒರೆಸ್ತಿ. ದಿನಾ ಇಷ್ಟು ನಾರಲ್ಲ. ಸಂತಿ ದಿನ ಮಾತ್ರ ಹಿಂಗ ನಾರ್ತತಿ."

ಅದು ಸುಳ್ಳಲ್ಲ. ಅಂಜಿನಕ್ಕನಿಗೂ ಗೊತ್ತಿತ್ತು. ಶನಿವಾರ ಸಂಜೆ ದೋಣಿಯ ತಳ ಒರೆಸಿದರೆ ಬೆರಳ ತುದಿ ಬಿಳಿಚಿಕೊಂಡು ಒಣಗಿ, ಮಾರನೆಯ ದಿನ ರೊಟ್ಟಿ ಬಡಿಯುವಾಗ ಸೀಳಿದ ಜಾಗದಲ್ಲಿ ಹಿಟ್ಟು ಹೊಕ್ಕು ಉರಿಯುತ್ತಿತ್ತು. ಯಾಕೆ ಎಂದು ಅವಳು ಯೋಚಿಸಿರಲಿಲ್ಲ. ಕೈ ಉರಿಯುವುದನ್ನೆಲ್ಲ ಯೋಚಿಸುತ್ತ ಕೂತರೆ ಒಲೆ ಹೊತ್ತಿಸುವವರು ಯಾರು.

ಹಲವಾಗಲಿನ ಹೊಳೆದಂಡೆಯಲ್ಲಿ ಈ ಅಂಬಿಗರ ಮನೆಯವರದು ಒಂದು ದೋಣಿ. ಹತ್ತು ಮಂದಿ ಹಿಡಿಸುವ ಫೈಬರ್ ದೋಣಿ, ಹಿಂಬದಿಗೆ ಸಣ್ಣದೊಂದು ಮೋಟಾರು, ಅದಕ್ಕೆ ಪೆಟ್ರೋಲ್ ಕೊಡುವ ಕೆಂಪು ಪ್ಲಾಸ್ಟಿಕ್ ಟ್ಯಾಂಕು, ಟ್ಯಾಂಕಿನಿಂದ ಮೋಟಾರಿಗೆ ಹೋಗುವ ರಬ್ಬರ್ ಪೈಪು. ದೋಣಿ ನಡೆಸುವವನು ಎರ್ರೆಮ್ಮನ ಕಿರಿಮಗ ಹುಲುಗೇಶ. ಬೆಳಿಗ್ಗೆ ಕೂಲಿ ಹೆಣ್ಣುಮಕ್ಕಳನ್ನು ಆಚೆ ದಂಡೆಯ ಮೆಕ್ಕೆಜೋಳದ ಹೊಲಗಳಿಗೆ ಮುಟ್ಟಿಸುತ್ತಾನೆ, ಸಂಜೆ ಕರೆತರುತ್ತಾನೆ, ನಡುವೆ ಬಂದವರನ್ನು ದಾಟಿಸುತ್ತಾನೆ. ಶನಿವಾರ ಆಚೆ ಊರಿನಲ್ಲಿ ಸಂತೆ. ಅಂದು ಎಲ್ಲರೂ ಬೆಳಿಗ್ಗೆಯೇ ದಾಟಿಬಿಡುತ್ತಾರೆ, ಸಂಜೆ ನಾಲ್ಕರವರೆಗೆ ಯಾರೂ ಕರೆಯುವುದಿಲ್ಲ.

ಅಂಜಿನಕ್ಕ ಹಿರಿಸೊಸೆ. ಹಡಗಲಿ ಕಡೆಯಿಂದ ಹದಿನೆಂಟಕ್ಕೆ ಮದುವೆಯಾಗಿ ಬಂದಾಗ ಮೋಟಾರಿರಲಿಲ್ಲ, ಹರಿಗೋಲಿತ್ತು. ಗಂಡ ಗಾಳೆಪ್ಪ ಹುಟ್ಟು ಹಾಕಿದರೆ ಅವಳು ಎದುರಿಗೆ ಕೂತು ಒಳಬಂದ ನೀರನ್ನು ಮೊಗೆದು ಚೆಲ್ಲುತ್ತಿದ್ದಳು. ಅವನಿಗೆ ಮೈ ಸರಿಯಿಲ್ಲದ ದಿನ ಹುಟ್ಟನ್ನೂ ಅವಳೇ ಹಿಡಿಯುತ್ತಿದ್ದಳು. ಆರು ವರ್ಷದ ಹಿಂದೆ ಕಾಮಾಲೆಯಲ್ಲಿ ಗಾಳೆಪ್ಪ ತೀರಿಕೊಂಡ. ಮೋಟಾರು ಬಂತು. ಮೋಟಾರು ಬಂದಮೇಲೆ ದೋಣಿ ಗಂಡಸರದಾಯಿತು. ದೋಣಿಯ ತಳದ ನೀರು ಮಾತ್ರ ಅಂಜಿನಕ್ಕನದಾಗಿಯೇ ಉಳಿಯಿತು. ದಿನಾ ಸಂಜೆ ಅವಳು ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನಿನಿಂದ ಆ ನೀರು ಹೊರಹಾಕಿ, ಹಳೆ ಸೀರೆಯ ಚಿಂದಿಯಿಂದ ತಳ ಒರೆಸಿ, ಆ ಚಿಂದಿಯನ್ನು ಒಗೆದು ಹಿಂಡಿ ಮನೆಗೆ ಬರಬೇಕು. ಮಧ್ಯಾಹ್ನ ಮೈದುನನ ಬುತ್ತಿ ಹೊತ್ತು ಅರ್ಧ ಮೈಲಿ ನಡೆದು ದಂಡೆಗೆ ಹೋಗಬೇಕು, ಅವನುಂಡ ತಾಟು ಹೊಳೆಯಲ್ಲಿ ತೊಳೆದು ತರಬೇಕು. ಹೋದ ವರ್ಷ ಮನೆಮನೆ ಲೆಕ್ಕ ಬರೆಯಲು ಬಂದ ಹುಡುಗಿ, "ಇವರು ಏನು ಕೆಲಸ ಮಾಡ್ತಾರ್ರಿ?" ಎಂದು ಕೇಳಿದಾಗ ಹುಲುಗೇಶ, "ಮನ್ಯಾಗ ಇರ್ತಾಳ್ರಿ," ಅಂದಿದ್ದ. ಆಗ ಅಂಜಿನಕ್ಕ ಅವನ ಅಂಗಿ ಹಿಂಡುತ್ತಿದ್ದಳು.

ಪೆಟ್ರೋಲ್ ಕಡಿಮೆಯಾಗತೊಡಗಿದ್ದು ಮಳೆ ಬಿಟ್ಟು ಬಿಸಿಲು ಬಿದ್ದಮೇಲೆ. ಹುಲುಗೇಶ ಬಿದಿರು ಕಡ್ಡಿಗೆ ಚಾಕುವಿನಿಂದ ಗೀರು ಹಾಕಿಟ್ಟಿದ್ದ. ದೋಣಿ ನಿಲ್ಲಿಸುವಾಗ ಅದನ್ನು ಟ್ಯಾಂಕಿಗೆ ಇಳಿಬಿಟ್ಟು ನೋಡುತ್ತಿದ್ದ, ಮತ್ತೆ ಹೊರಡುವಾಗ ನೋಡುತ್ತಿದ್ದ. ನಿಂತ ದೋಣಿಯಲ್ಲಿ ಒಂದೊಂದು ದಿನ ಅರ್ಧ ಗೀರು, ಸಂತೆ ದಿನ ಒಂದೂವರೆ ಗೀರು ಇಳಿದಿರುತ್ತಿತ್ತು. ಬಿಸಿಲಿಗೆ ಪೆಟ್ರೋಲ್ ಹಾರಿಹೋಗುತ್ತದೆ ಎಂದು ಯಾರೋ ಹೇಳಿದ್ದರಿಂದ ಅವನು ಬಿಸಿಲು ಬಿದ್ದಾಗಿನಿಂದಲೇ, ದೋಣಿ ನಿಲ್ಲಿಸಿದ ಕೂಡಲೇ, ಟ್ಯಾಂಕಿಗೆ ಗಾಳಿಯಾಡಲು ಮುಚ್ಚಳದ ಮೇಲಿರುವ ಗಾಳಿ ತಿರುಪನ್ನೂ ಬಿಗಿಯಾಗಿ ಮುಚ್ಚುತ್ತಿದ್ದ. ಆದರೂ ಇಳಿಯುತ್ತಿತ್ತು.

ಆಮೇಲೆ ಅವನು ಮೋಟಾರನ್ನು, ಟ್ಯಾಂಕು ಪೈಪು ಸಮೇತ, ಹರಪನಹಳ್ಳಿ ರಸ್ತೆಯ ಮೆಕ್ಯಾನಿಕ್ ಜೋಗಪ್ಪನ ಹತ್ತಿರ ಒಯ್ದ. ಜೋಗಪ್ಪ ಮೋಟಾರನ್ನು ನೀರಿನ ಡ್ರಮ್ಮಿಗೆ ಇಳಿಸಿ, ನೆರಳಿನಲ್ಲಿ ಅರ್ಧ ತಾಸು ಓಡಿಸಿ ನೋಡಿದ. ಒಂದು ಹನಿ ಎಲ್ಲಿಯೂ ಬೀಳಲಿಲ್ಲ.

"ಮೋಟಾರು ಕುಡಿಯಾಕತ್ತಿಲ್ಲಪಾ," ಅಂದ ಜೋಗಪ್ಪ, ಕೈ ಒರೆಸಿಕೊಳ್ಳುತ್ತ. "ಮಂದಿ ಕುಡಿಯಾಕತ್ಯಾರ. ಮಧ್ಯಾಹ್ನ ದೋಣಿ ಹತ್ರ ಯಾರು ಬರ್ತಾರ ನೋಡು."

ಮಧ್ಯಾಹ್ನ ಬರುವವಳು ಒಬ್ಬಳೇ, ಬುತ್ತಿ ಹೊತ್ತವಳು. ಹುಲುಗೇಶ ಉಂಡು ಹೊಂಗೆ ಮರದ ಕೆಳಗೆ ಮಲಗಿಬಿಡುತ್ತಾನೆ. ಅವಳು ತಾಟು ತೊಳೆಯುತ್ತ ದೋಣಿಯ ಪಕ್ಕದಲ್ಲೇ ಇರುತ್ತಾಳೆ. ಇನ್ನೂ ಒಂದು ಮಾತಿತ್ತು. ಅಂಜಿನಕ್ಕನ ತಮ್ಮ ಮರುಳಪ್ಪ ಪ್ರತಿ ಶನಿವಾರ ಸಂತೆಗೆಂದು ಬರುತ್ತಿದ್ದ. ತನ್ನ ಹಳೆಯ ಬೈಕನ್ನು ದಂಡೆಯಲ್ಲೇ ಬಿಟ್ಟು ಹೊಳೆ ದಾಟುತ್ತಿದ್ದ, ಸಂಜೆ ಅಕ್ಕನಿಗೆ ಒಂದಿಷ್ಟು ಬದನೆಕಾಯಿ ಕೊಟ್ಟು ಹೋಗುತ್ತಿದ್ದ. ಎರ್ರೆಮ್ಮ ಈ ಎರಡನ್ನೂ ಸೇರಿಸಿ ಹೊಲಿದಳು.

"ಅವನ ಗಾಡಿ ಬಂದ ದಿನಾನ ಪೆಟ್ರೋಲ್ ಇಳೀತತಿ," ಅಂದಳು ಮಗನಿಗೆ. "ನಾ ಯಾರ ಹೆಸರೂ ಹೇಳಲ್ಲ."

ಎರ್ರೆಮ್ಮ ಅರಿಶಿನದಲ್ಲಿ ಅದ್ದಿ ಒಣಗಿಸಿದ ದಾರ ಕೊಟ್ಟಳು. ಹುಲುಗೇಶ ದೋಣಿ ನಿಲ್ಲಿಸಿದಾಗ ಗಾಳಿ ತಿರುಪು ಮುಚ್ಚಿ, ಮುಚ್ಚಳದ ಮೇಲೆ ಬಟ್ಟೆ ಹಾಕಿ, ಆ ದಾರದಿಂದ ಬಿಗಿದು, ಗಂಟಿನ ಮೇಲೆ ತಾಯಿ ಕಲಸಿಕೊಟ್ಟ ಕುಂಕುಮ ಹಚ್ಚಬೇಕು. ಯಾರಾದರೂ ಬಿಚ್ಚಿದರೆ ಕುಂಕುಮ ಕೆಡುತ್ತದೆ. ಹಾಗೆ ಕಟ್ಟಿದ ಮೊದಲ ಶನಿವಾರವೇ ಎರಡು ಗೀರು ಇಳಿಯಿತು. ಗಂಟು ಗಂಟಿನ ಹಾಗೇ ಇತ್ತು, ಕುಂಕುಮ ಬಿರುಕು ಸಹ ಬಿಟ್ಟಿರಲಿಲ್ಲ. ಅದನ್ನು ನೋಡಿ ಅಂಜಿನಕ್ಕ, ಇನ್ನು ತನ್ನ ತಲೆಯ ಮೇಲಿನದು ಇಳಿಯಿತು ಎಂದುಕೊಂಡಳು. ಎರ್ರೆಮ್ಮ ಹಾಗೆ ಅಂದುಕೊಳ್ಳಲಿಲ್ಲ. "ಪೈಪಿನ ಕಡೀಂದ ಎಳೆದಿರ್ತಾಳ," ಅಂದಳು. "ಬಲು ಜಾಣಿ."

ಆ ಸಂಜೆಯೇ ಅವಳು ಸೊಸೆಯ ಬೆರಳು ಮೂಸಿದ್ದು.

ಬುಧವಾರ ಬೆಳಿಗ್ಗೆ ಎರ್ರೆಮ್ಮ ದಂಡೆಗೆ ಹೋಗಿ, ದೋಣಿ ಹತ್ತಲು ನಿಂತಿದ್ದ ಕೂಲಿ ಹೆಣ್ಣುಮಕ್ಕಳ ಮುಂದೆ ಹೇಳಿಬಿಟ್ಟಳು: ಬರುವ ಸೋಮವಾರ ಮಹಾಲಯ ಅಮಾಸಿ, ಅವತ್ತು ಹಿರಿಸೊಸಿ ದೋಣ್ಯಾಗ ನಿಂತು ಆಣಿ ಮಾಡ್ತಾಳ. ಈ ಮನೆತನದ ಪದ್ಧತಿ ಅದು. ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಸೀರೆಯಲ್ಲೇ ದೋಣಿಯಲ್ಲಿ ನಿಂತು, ಮುಂದೆ ಕರ್ಪೂರ ಹಚ್ಚಿಟ್ಟು, ಅದರ ಮೇಲೆ ಅಂಗೈ ಹಿಡಿದು ಗಂಗವ್ವನ ಹೆಸರಿನಲ್ಲಿ ಹೇಳಬೇಕು. ಸುಳ್ಳು ಹೇಳಿದವರನ್ನು ಹೊಳೆ ಬಿಡುವುದಿಲ್ಲ ಎಂದು ನಂಬಿಕೆ.

ಸುಳ್ಳು ಹೇಳದವರನ್ನು ಊರು ಬಿಡುವುದಿಲ್ಲ. ಅದು ಓಬಮ್ಮನನ್ನು ನೋಡಿದರೆ ತಿಳಿಯುತ್ತಿತ್ತು. ದಂಡೆಯ ಮೆಟ್ಟಿಲ ಬಳಿ ಮಂಡಕ್ಕಿ, ಹುರಿಗಡಲೆ ಮಾರುವ ಓಬಮ್ಮ ಇಪ್ಪತ್ತೆರಡು ವರ್ಷದ ಹಿಂದೆ, ಎರ್ರೆಮ್ಮನ ಅತ್ತೆಯ ಕಾಲದಲ್ಲಿ, ಈ ಮನೆಗೆ ಕೆಲಸಕ್ಕೆ ಬರುತ್ತಿದ್ದಾಗ ಇಲ್ಲಿ ಕಳೆದುಹೋದ ಒಂದು ಬೆಳ್ಳಿ ಉಡಿದಾರಕ್ಕಾಗಿ ಇದೇ ರೀತಿ ಆಣೆ ಮಾಡಿದ್ದಳು. ಮೂರು ತಿಂಗಳ ಮೇಲೆ ಉಡಿದಾರ ನೆಲದಡಿ ಜೋಳ ತುಂಬಿಡುವ ಹಗೇವಿನಲ್ಲಿ ಸಿಕ್ಕಿತು. ಆದರೂ ಅವಳು ಇವತ್ತಿಗೂ ಆಣಿ ಓಬಮ್ಮ. ಅವಳ ಮಗಳ ಸಂಬಂಧ ನೋಡಲು ಬಂದವರೂ "ಆಣಿ ಓಬಮ್ಮನ ಮನಿ ಯಾವುದು?" ಎಂದೇ ಕೇಳಿಕೊಂಡು ಬಂದಿದ್ದರು.

ಅಂದು ಮಧ್ಯಾಹ್ನ ಬುತ್ತಿ ತಂದ ಅಂಜಿನಕ್ಕನನ್ನು ಓಬಮ್ಮ ಹತ್ತಿರ ಕರೆದಳು. "ಆಣಿ ಮಾಡಬ್ಯಾಡ. ಮಾಡಿದ್ರ ನೀನು ಕಳ್ಳಿ ಅಲ್ಲ ಅಂತ ಆಗಲ್ಲ. ಕಳ್ಳಿ ಅಂತ ಒಮ್ಮೆ ಅನ್ನಿಸಿಕೊಂಡಾಕಿ ಅಂತ ಆಗ್ತತಿ."

"ಮಾಡದಿದ್ರ?"

"ಮಾಡದಿದ್ರ ಕಳ್ಳಿನ." ಓಬಮ್ಮ ಒಂದು ಹಿಡಿ ಮಂಡಕ್ಕಿ ಅವಳ ಸೆರಗಿಗೆ ಸುರಿದಳು. "ಸೋಮವಾರದೊಳಗ ಕಳ್ಳನ್ನ ಹಿಡಿ. ಅದೊಂದ ದಾರಿ."

ಅಂಜಿನಕ್ಕ ಹಿಡಿಯಲು ಹೊರಟಳು. ಹೊರಟವಳಿಗೆ ಮೊದಲು ಸಿಕ್ಕಿದ್ದು ತನ್ನದೇ ಮನೆ. ಮೈದುನನ ಮೇಲೆ ಅನುಮಾನ ಬಂತು: ಪೆಟ್ರೋಲನ್ನು ಇವನೇ ಯಾರಿಗಾದರೂ ಕೊಡುತ್ತಿದ್ದು, ತಾಯಿಯ ಮುಂದೆ ನಾಟಕ ಆಡುತ್ತಿರಬಹುದು. ಅವನ ಅಂಗಿಗಳನ್ನು ಒಗೆಯುವ ಮುಂಚೆ ತೋಳು, ಜೇಬು, ಕಾಲರು ಎಲ್ಲ ಮೂಸಿದಳು. ಬೀಡಿ, ಬೆವರು, ಮೀನು. ಬೇರೆ ಏನೂ ಇಲ್ಲ. ಅತ್ತೆ ತನ್ನ ಕೈಗೆ ಮಾಡಿದ್ದನ್ನೇ ತಾನು ಇವನ ಅಂಗಿಗೆ ಮಾಡುತ್ತಿದ್ದೇನೆ ಎಂದು ಗೊತ್ತಾಗಿ ನಾಚಿಕೆಯಾಯಿತು. ಆದರೂ ಮೂಸುವುದು ಬಿಡಲಿಲ್ಲ.

ಗುರುವಾರ ಕಸ ಗುಡಿಸುವಾಗ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ಅದು ಬಂದದ್ದು ಹುಲುಗೇಶನ ಹೆಂಡತಿ ಅರ್ಚನಾ ಹೊಲಿಗೆ ಮಷೀನಿನ ಕೆಳಗೆ ಇಟ್ಟಿದ್ದ ಬುಟ್ಟಿಯಿಂದ. ಅರ್ಚನಾ ಊರಿನ ಹೆಂಗಸರ ರವಿಕೆ ಹೊಲಿಯುತ್ತಾಳೆ. ಮಷೀನಿನ ಮುಂದೆ ಕೂತಳೆಂದರೆ ಅವಳನ್ನು ಯಾರೂ ಬೇರೆ ಕೆಲಸಕ್ಕೆ ಕರೆಯುವುದಿಲ್ಲ. ಬುಟ್ಟಿಯ ತಳದಲ್ಲಿ, ಚಿಂದಿಗಳ ಕೆಳಗೆ, ಕೆಮ್ಮಿನ ಔಷಧದ ಒಂದು ಖಾಲಿ ಬಾಟಲಿ. ಖಾಲಿ ಅಲ್ಲ, ತಳದಲ್ಲಿ ಒಂದಿಷ್ಟು.

ಅಂಜಿನಕ್ಕ ಬಾಟಲಿಯನ್ನು ಅವಳ ಮುಂದೆ ಹಿಡಿದಳು. ಮಷೀನು ನಿಂತಿತು.

"ಅಕ್ಕ, ಅತ್ತಿ ಮುಂದ ಹೇಳಬ್ಯಾಡ," ಅಂದಳು ಅರ್ಚನಾ. "ಮಷೀನಿನ ಎಣ್ಣಿ ಒಂದು ಹೊಸ ರವಿಕಿಗೆ ಬಿತ್ತು. ಪೆಟ್ರೋಲಿನಾಗ ಉಜ್ಜಿದ್ರ ಹೋಗ್ತತಿ. ತಿಂಗಳ ಹಿಂದ ಒಮ್ಮೆ, ಟ್ಯಾಂಕಿಗೆ ಎಣ್ಣಿ ಬೆರೆಸೋ ಮುಂಚೆ ತಗಂಡಿದ್ದೆ, ಅಷ್ಟ. ಇಷ್ಟು ಬಾಟ್ಲಿ. ಎರಡು ಗೀರು ನಾ ಏನು ಮಾಡ್ಲಿ?"

"ಮತ್ತ ನಿಮ್ಮತ್ತಿ ನನ್ನ ಕೈ ಮೂಸುವಾಗ ನೀ ಎಲ್ಲಿದ್ದಿ?"

ಅವತ್ತು ಅರ್ಚನಾ ಇಲ್ಲೇ ಇದ್ದಳು, ಇದೇ ಮಷೀನಿನ ಮುಂದೆ, ತಲೆ ಬಗ್ಗಿಸಿಕೊಂಡು ಹುಕ್ಕು ಹಚ್ಚುತ್ತಿದ್ದಳು.

ಬಾಟಲಿಯನ್ನು ಒಯ್ದು ಎರ್ರೆಮ್ಮನ ಕೈಗಿಟ್ಟರೆ ಸೋಮವಾರ ದೋಣಿಯಲ್ಲಿ ನಿಲ್ಲುವವಳು ಬದಲಾಗುತ್ತಾಳೆ. ಅದು ಅಂಜಿನಕ್ಕನಿಗೆ ಚೆನ್ನಾಗಿ ಕಾಣಿಸಿತು. ಆದರೆ ಹೆಬ್ಬೆರಳುದ್ದದ ಬಾಟಲಿ ಒಂದು ಸಂತೆ ದಿನದ ಎರಡು ಗೀರು ಆಗುವುದಿಲ್ಲ ಎಂಬುದೂ ಕಾಣಿಸಿತು. ಇವಳನ್ನು ಕೊಟ್ಟರೂ ಮುಂದಿನ ಶನಿವಾರ ಪೆಟ್ರೋಲ್ ಮತ್ತೆ ಇಳಿಯುತ್ತದೆ. ಆಗ ಇಬ್ಬರೂ ಕಳ್ಳಿಯರು. ಅವಳು ಬಾಟಲಿಯನ್ನು ಚಿಂದಿಯ ಕೆಳಗೆ ವಾಪಸು ಇಟ್ಟಳು.

ಅಂದೇ ಮಧ್ಯಾಹ್ನ ಬುತ್ತಿ ಒಯ್ಯುವಾಗ ಅವಳ ಕೈ ತಾನಾಗಿಯೇ ಒಂದು ಕೆಲಸ ಮಾಡಿತು, ದಿನಾ ಮಾಡುವಂಥದ್ದೇ. ಮಜ್ಜಿಗೆ ಬಾಟಲಿಯ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿದಳು. ಸ್ಸ್ ಎಂದು ಗಾಳಿ ಹೋಯಿತು. ಬಿಸಿಲಿನಲ್ಲಿ ಬಿಗಿಯಾಗಿ ಮುಚ್ಚಿಕೊಂಡು ನಡೆದರೆ ಬಾಟಲಿ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ, ಮುಚ್ಚಳ ಸ್ವಲ್ಪ ಸೀಳಿದ್ದರೆ ಅಲ್ಲಿಂದಲೇ ಮಜ್ಜಿಗೆ ಸೋರಿ ಬುತ್ತಿಯ ಬಟ್ಟೆಯನ್ನೆಲ್ಲ ಹುಳಿ ಮಾಡುತ್ತದೆ. ಇದು ಅವಳು ಹೊಸದಾಗಿ ಬುತ್ತಿ ಹೊರತೊಡಗಿದಾಗ ಕಲಿತದ್ದು. ನಾಲ್ಕು ಹೆಜ್ಜೆ ಮುಂದೆ ಹೋದವಳು ನಿಂತಳು.

ದಂಡೆಯಲ್ಲಿ ದೋಣಿ ಬಿಸಿಲಿಗೆ ಬಿದ್ದಿತ್ತು. ಟ್ಯಾಂಕಿನ ತಲೆಗೆ ಬಟ್ಟೆ, ಅರಿಶಿನ ದಾರ, ಕುಂಕುಮ. ಅವಳು ಮುಟ್ಟಲಿಲ್ಲ, ಮುಟ್ಟುವುದನ್ನು ಯಾರಾದರೂ ನೋಡಿದರೆ ಆಣೆಯೂ ಬೇಕಾಗಿಲ್ಲ. ದೂರದಿಂದಲೇ ನೋಡಿದಳು. ಬೆಳಿಗ್ಗೆ ಚಪ್ಪಟೆಯಾಗಿರುತ್ತಿದ್ದ ಟ್ಯಾಂಕಿನ ಪಕ್ಕೆ ಎರಡೂ ಕಡೆ ಉಬ್ಬಿಕೊಂಡಿತ್ತು.

"ಹುಲುಗೇಶ, ದಾರ ಬಿಚ್ಚಿ ಮುಚ್ಚಳ ತಿರುವುವಾಗ ಸಪ್ಪಳ ಬರ್ತತೇನು?" ಎಂದು ಕೇಳಿದಳು, ರೊಟ್ಟಿಯ ಮೇಲೆ ಪಲ್ಯ ಹಾಕುತ್ತ.

"ಬರ್ತತಿ. ಸೋಡಾ ಬಾಟ್ಲಿ ಒಡದಂಗ. ಯಾಕ?"

"ಮೊದಲೂ ಬರ್ತಿತ್ತೇನು?"

"ಮೊದಲು ಎಲ್ಲಿ ತಿರುಪು ಮುಚ್ಚುತಿದ್ದೆ? ಸದಾ ತೆರೆದ ಇರ್ತಿತ್ತು." ಅವನು ತುತ್ತು ನಿಲ್ಲಿಸಿ ಅವಳನ್ನು ನೋಡಿದ. "ನೀ ಯಾಕ ಟ್ಯಾಂಕಿನ ಸುದ್ದಿ ಕೇಳಾಕತ್ತಿ ಅತ್ತಿಗಿ?"

ಆ ನೋಟದಲ್ಲಿ ಎರ್ರೆಮ್ಮ ಇದ್ದಳು. ಅವನು ಉಂಡು ಮಲಗಿದಮೇಲೆ ಅಂಜಿನಕ್ಕ ತಾಟು ತೊಳೆಯುತ್ತ ದೋಣಿಯ ಪೈಪನ್ನು ಕಣ್ಣಿನಿಂದಲೇ ಉದ್ದಕ್ಕೂ ಹಿಡಿದು ಹೋದಳು. ಟ್ಯಾಂಕಿನಿಂದ ಹೊರಟ ಪೈಪು ಕೈಯಿಂದ ಹಿಸುಕುವ ಒಂದು ರಬ್ಬರ್ ಉಂಡೆಗೆ ಸೇರಿ, ಅಲ್ಲಿಂದ ಹುಲುಗೇಶ ಕೂಡುವ ಹಲಗೆಯ ಕೆಳಗೆ ನುಸುಳಿ ಮೋಟಾರಿಗೆ ಏರುತ್ತಿತ್ತು. ಹಲಗೆಯ ಕೆಳಗೆ ಕತ್ತಲೆ. ಅಲ್ಲಿ ಪೈಪಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದು ಅವಳಿಗೆ ನೆನಪಿತ್ತು. ಮಳೆಗಾಲದಲ್ಲಿ ಹುಲುಗೇಶ ಸುತ್ತಿದ್ದ, ಆ ಪಟ್ಟಿ ಕತ್ತರಿಸಿಕೊಟ್ಟವಳು ಅವಳೇ.

ಈಗ ತಿಳಿದದ್ದನ್ನು ಹೇಳಿದರೆ ಯಾರು ಕೇಳುತ್ತಾರೆ? ಮೆಕ್ಯಾನಿಕ್ ನೋಡಿ ಸೋರುವುದಿಲ್ಲ ಎಂದಿದ್ದಾನೆ. ಸೋರುತ್ತದೆ ಎಂದು ಕಳ್ಳಿಯೇ ಹೇಳಿದರೆ ಅದು ಕಳ್ಳಿಯ ಮಾತು. ತಾನು ಮುಟ್ಟದೆ, ಬಿಚ್ಚದೆ, ಹತ್ತಿರವೂ ಇಲ್ಲದೆ ಅದು ಸೋರಬೇಕು. ಬೇರೆ ಯಾರಾದರೂ ಅದನ್ನು ನೋಡಬೇಕು.

ಶನಿವಾರ ಬೆಳಿಗ್ಗೆ ದೋಣಿಯ ಮೂತಿ ತೊಳೆದು ಸಣ್ಣ ರಂಗೋಲಿ ಹಾಕುವುದು ಅವಳದೇ ಕೆಲಸ. ಹಾಗಾಗಿ ಅವಳು ರಂಗೋಲಿ ಡಬ್ಬಿ ಹಿಡಿದು ದೋಣಿ ಹತ್ತಿದ್ದಕ್ಕೆ ಯಾರೂ ತಲೆ ಎತ್ತಲಿಲ್ಲ. ಮೂತಿಗೆ ನಾಲ್ಕು ಎಳೆ ಎಳೆದು, ಹಿಂದೆ ಹೋಗಿ ಹಲಗೆಯ ಕೆಳಗೆ, ಪೈಪು ಹಾದುಹೋಗುವ ಉದ್ದಕ್ಕೂ, ಉಳಿದ ಪುಡಿಯನ್ನೆಲ್ಲ ದಪ್ಪವಾಗಿ ಸುರಿದಳು. ನೀರು ಚಿಮ್ಮಿದರೆ ರಂಗೋಲಿ ಒದ್ದೆಯಾಗುತ್ತದೆ, ಒಣಗಿದರೆ ಮತ್ತೆ ಬೆಳ್ಳಗಾಗುತ್ತದೆ. ಪೆಟ್ರೋಲಿಗೆ ಬೆರೆಸುವ ಎಣ್ಣೆ ಹಸಿರು. ಅದು ಬಿದ್ದರೆ ಮತ್ತೆ ಬೆಳ್ಳಗಾಗುವುದಿಲ್ಲ. ಅದನ್ನು ಅವಳು ಎಷ್ಟೋ ಅಂಗಿಗಳಲ್ಲಿ ಉಜ್ಜಿ ನೋಡಿದ್ದಳು.

ಮನೆಗೆ ಬಂದು ಬುತ್ತಿ ಕಟ್ಟಿ ಎರ್ರೆಮ್ಮನ ಮುಂದೆ ಇಟ್ಟಳು.

"ಇವತ್ತು ನೀವ ಒಯ್ಯಿರಿ ಅತ್ತಿ. ನಾ ದಂಡಿ ಮೆಟ್ಟಲ್ಲ. ನಾ ಹೋಗದ ದಿನಾನೂ ಇಳೀತತೇನು ನೋಡ್ರಿ."

ಎರ್ರೆಮ್ಮ ಬುತ್ತಿಯ ಗಂಟನ್ನೂ ಸೊಸೆಯ ಮುಖವನ್ನೂ ನೋಡಿದಳು. "ಇದೇನು ಹೊಸ ಆಟ?"

"ಆಟ ಅಲ್ಲ. ಮರುಳಪ್ಪನೂ ಇಲ್ಲೇ ಅದಾನ. ಸಂತಿಗೆ ಹೋಗಬ್ಯಾಡ ಅಂದೀನಿ. ಅವನ ಗಾಡಿ ಅರ್ಚನಾನ ಕಣ್ಣ ಮುಂದ ಇರ್ಲಿ."

ಕಟ್ಟೆಯ ಮೇಲೆ ಕೂತು ಬದನೆಕಾಯಿ ತೊಟ್ಟು ಮುರಿಯುತ್ತಿದ್ದ ಮರುಳಪ್ಪ, "ಗಾಡಿ ಕೀಲಿನೂ ತಗಳ್ರಿ ಅತ್ತಿ. ಬೇಕಂದ್ರ ನನ್ನೂ ಹಗ್ಗ ಹಾಕಿ ಕಟ್ರಿ," ಅಂದ.

ಎರ್ರೆಮ್ಮ ಕೀಲಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಎಂಟು ವರ್ಷದಿಂದ ಅವಳು ಬುತ್ತಿ ಹೊತ್ತಿರಲಿಲ್ಲ. ಅರ್ಧ ಮೈಲಿ ಅಷ್ಟು ದೂರ ಎಂಬುದು ಅವಳಿಗೆ ಮರೆತುಹೋಗಿತ್ತು. ದಂಡೆ ಮುಟ್ಟುವಷ್ಟರಲ್ಲಿ ಮಜ್ಜಿಗೆ ಬಾಟಲಿ ಸೋರಿ ಬುತ್ತಿಯ ಬಟ್ಟೆ ಒದ್ದೆಯಾಗಿತ್ತು. ಹುಲುಗೇಶ ಉಂಡು ಮಲಗಿದ. ಅವಳು ಕೊಡೆ ಬಿಚ್ಚಿಕೊಂಡು ದೋಣಿಯ ನಡುವೆ ಕೂತು, ಟ್ಯಾಂಕಿನ ಗಂಟಿನ ಮೇಲೆ ಕಣ್ಣಿಟ್ಟಳು. ನೊಣವನ್ನೂ ಹತ್ತಿರ ಬಿಡಲಿಲ್ಲ. ಓಬಮ್ಮ ಮೆಟ್ಟಿಲ ಮೇಲಿಂದ ಅವಳ ಮೇಲೆ ಕಣ್ಣಿಟ್ಟಳು.

ನಾಲ್ಕಕ್ಕೆ ಆಚೆ ದಂಡೆಯಲ್ಲಿ ಸಂತೆ ಚೀಲ ಹಿಡಿದ ಮಂದಿ ಸಿಳ್ಳೆ ಹಾಕತೊಡಗಿದರು. ಹುಲುಗೇಶ ಎದ್ದು ಬಂದು ಗಂಟು ನೋಡಿದ. ಕುಂಕುಮ ಸರಿಯಾಗಿತ್ತು. ಬಿಚ್ಚಿದ, ಮುಚ್ಚಳ ತಿರುವಿದ, ಸ್ಸ್ ಎಂದಿತು. ಕಡ್ಡಿ ಇಳಿಬಿಟ್ಟು ಎತ್ತಿದ. ಮತ್ತೆ ಇಳಿಬಿಟ್ಟು ಎತ್ತಿದ.

"ಎರಡು ಗೀರು ದಾಟೈತಿ," ಅಂದ.

ತಾಯಿಯ ಮುಖವನ್ನೇ ನೋಡಿದ. ಒಂದು ಕ್ಷಣ, ಅದಕ್ಕಿಂತ ಹೆಚ್ಚಲ್ಲ, ಅವನ ಕಣ್ಣು ತಾಯಿಯ ಕೈಚೀಲದ ಮೇಲೆ ಹೋಯಿತು. ಎರ್ರೆಮ್ಮ ಅದನ್ನು ನೋಡಿದಳು.

"ಏನ್ಲೇ, ನನ್ನ ಹಂಗ ಯಾಕ ನೋಡ್ತಿ?"

"ಮತ್ಯಾರೂ ಇಲ್ಲಲ್ಲಬೇ ಇಲ್ಲಿ."

"ಎರ್ರೀ, ನೀನ ಕುಡದ್ಯೇನು?" ಎಂದು ಮೆಟ್ಟಿಲ ಮೇಲಿಂದ ಓಬಮ್ಮ ಕೇಳಿದಳು. "ನಾ ಯಾರ ಹೆಸರೂ ಹೇಳಲ್ಲವ್ವ."

ಅನುಮಾನ ಹೊರಗಿನಿಂದ ಬಂದು ಮೈಮೇಲೆ ಬಿದ್ದಾಗ ಎಷ್ಟು ತೂಕವಿರುತ್ತದೆ ಎಂಬುದು ಎರ್ರೆಮ್ಮನಿಗೆ ಆಗ ಗೊತ್ತಾಗಿರಬೇಕು; ಹೇಳಿಕೊಳ್ಳುವವಳಲ್ಲ. "ಅಂಜಿನೀನ ಕರೀರಿ," ಅಂದಳು.

ಓಬಮ್ಮ ಮಂಡಕ್ಕಿ ಚೀಲವನ್ನು ಅಲ್ಲೇ ಬಿಟ್ಟು ತಾನೇ ಹೋದಳು.

ಅಂಜಿನಕ್ಕ ಬಂದಳು. ಹಿಂದೆ ಅರ್ಚನಾ, ಮರುಳಪ್ಪ. ಅಂಜಿನಕ್ಕ ದೋಣಿ ಹತ್ತಲಿಲ್ಲ. ದಂಡೆಯ ಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಳು.

"ಹುಲುಗೇಶ, ಬೀಡಿ ಹೊಳಿಗೆ ಹಾಕು," ಅಂದಳು. "ಮುಚ್ಚಳ ಮೊದಲು ಹೆಂಗಿತ್ತೋ ಹಂಗ ಬಿಗಿ ಮಾಡು, ತಿರುಪೂ ಬಿಗಿ ಮಾಡು. ಸ್ವಲ್ಪ ಹೊತ್ತು ಬಿಡು. ಆಮ್ಯಾಲೆ ನೀ ಕುಂದರೋ ಹಲಗಿ ಎತ್ತು."

ಅವನು ಹಾಗೆಯೇ ಮಾಡಿದ. ಆಚೆಯವರು ಸಿಳ್ಳೆ ಹಾಕಿ ಹಾಕಿ ಬೇಸತ್ತು ಬೈಯತೊಡಗಿದರು. ಬಿಸಿಲು ಇನ್ನೂ ಸುಡುತ್ತಿತ್ತು. ಟ್ಯಾಂಕಿನ ಪಕ್ಕೆ ಎಲ್ಲರ ಕಣ್ಣ ಮುಂದೆಯೇ ಮೆಲ್ಲಗೆ ಉಬ್ಬಿ ಟಪ್ ಎಂದಿತು. ಹುಲುಗೇಶ ಹಲಗೆ ಎತ್ತಿದ.

ಬೆಳ್ಳಗಿನ ರಂಗೋಲಿಯ ನಡುವೆ, ಸೈಕಲ್ ಟ್ಯೂಬಿನ ಪಟ್ಟಿಯ ನೇರ ಕೆಳಗೆ, ಅಂಗೈಯಗಲದ ಹಸಿರು ಕಲೆ. ಪಟ್ಟಿ ಪೆಟ್ರೋಲಿನಲ್ಲಿ ನೆನೆದು ಊದಿ ಅಂಟಂಟಾಗಿತ್ತು. ಅವರು ನೋಡುತ್ತಿದ್ದಂತೆಯೇ ಅದರ ಅಂಚಿನಲ್ಲಿ ಒಂದು ಹನಿ ಕೂಡಿಕೊಂಡು, ದಪ್ಪವಾಗಿ, ಬಿತ್ತು. ಇನ್ನೊಂದು ಕೂಡಿಕೊಳ್ಳತೊಡಗಿತು.

"ಈಗ ತಿರುಪು ಸಡ್ಲ ಮಾಡು. ಅರ್ಧ ಸುತ್ತು."

ಸ್ಸ್ ಎಂದಿತು. ಹನಿ ಅಲ್ಲೇ ನಿಂತುಹೋಯಿತು.

ಹುಲುಗೇಶ ಪಟ್ಟಿ ಬಿಚ್ಚಿದ. ಒಳಗೆ ಪೈಪು ಅರ್ಧ ಬೆರಳಿನಷ್ಟು ಉದ್ದ ಸೀಳಿತ್ತು. ಓಡುವಾಗ ಮೋಟಾರು ಪೆಟ್ರೋಲನ್ನು ಎಳೆದುಕೊಳ್ಳುತ್ತದೆ, ಸೀಳಿನಿಂದ ಹೊರಗೆ ಬರುವುದಿಲ್ಲ. ಜೋಗಪ್ಪನ ಡ್ರಮ್ಮಿನಲ್ಲಿ ಕಾಣದಿದ್ದದ್ದು ಅದಕ್ಕೇ. ದೋಣಿ ನಿಲ್ಲಿಸಿ, ಮುಚ್ಚಿ, ಬಿಸಿಲಿಗೆ ಬಿಟ್ಟರೆ ಟ್ಯಾಂಕಿನೊಳಗಿನ ಗಾಳಿ ಪೆಟ್ರೋಲನ್ನು ನೂಕುತ್ತದೆ. ಎಷ್ಟು ಬಿಗಿಯಾಗಿ ಮುಚ್ಚಿದರೆ ಅಷ್ಟು ಜೋರಾಗಿ. ಸಂತೆ ದಿನ ದೋಣಿ ಹೆಚ್ಚು ಹೊತ್ತು ನಿಲ್ಲುತ್ತದೆ, ಹೆಚ್ಚು ಹೋಗುತ್ತದೆ.

"ಹೋಗಿದ್ದೆಲ್ಲ ದೋಣಿ ತಳಕ್ಕ," ಅಂದಳು ಅಂಜಿನಕ್ಕ. "ಅದನ್ನ ನಾ ದಿನಾ ಒರೆಸಿ ಒಗೀತಿದ್ದೆ. ಅದಕ್ಕ ನನ್ನ ಕೈ ನಾರ್ತಿತ್ತು." ಆಮೇಲೆ ಅತ್ತೆಯನ್ನು ನೋಡಿ, ದನಿ ಏರಿಸದೆ, "ಸೋಮವಾರ ಇದರ ಮ್ಯಾಲೇ ನಿಲ್ಲಿಸಿ ಕರ್ಪೂರ ಹಚ್ಚೋರಿದ್ರಿ," ಅಂದಳು.

ಎರ್ರೆಮ್ಮ ದೋಣಿಯಿಂದ ಇಳಿದಳು. ಮರುಳಪ್ಪ ಕೈ ಕೊಟ್ಟ. ಅವನ ಬೈಕಿನ ಕೀಲಿ ಇನ್ನೂ ಅವಳ ಸೊಂಟದಲ್ಲೇ ಇತ್ತು.

ಆಗ ಅರ್ಚನಾ ಎಲ್ಲರ ಮುಂದೆ, ನೆಲ ನೋಡುತ್ತ, "ನಾನೂ ಒಮ್ಮೆ ಒಂದು ಸಣ್ಣ ಬಾಟ್ಲಿ ತಗಂಡಿದ್ದೆ. ರವಿಕಿ ಕಲೆ ತೆಗೆಯಾಕ," ಅಂದಳು.

ಹುಲುಗೇಶ ನಕ್ಕುಬಿಟ್ಟ. "ಅದಕ್ಕೇನಾತು ಬಿಡಲೇ. ನಮ್ಮದ ಐತಿ."

ಅಂಜಿನಕ್ಕ ಆ ನಗುವನ್ನು ಕೇಳಿಸಿಕೊಂಡಳು. ಅದೇ ಟ್ಯಾಂಕು, ಅದೇ ಪೆಟ್ರೋಲ್. ಒಬ್ಬಳು ನಿಜವಾಗಿ ತೆಗೆದುಕೊಂಡರೆ ನಮ್ಮದು, ಇನ್ನೊಬ್ಬಳು ಒರೆಸಿದರೆ ಕಳವು.

ಅಂದು ಊಟಕ್ಕೆ ಕೂತಾಗ ಎರ್ರೆಮ್ಮ, ದೊಡ್ಡದೊಂದು ಉಪಕಾರ ಮಾಡುವವಳ ಹಾಗೆ, "ಇನ್ನ ಆಣಿ ಬ್ಯಾಡ ಬಿಡು," ಅಂದಳು.

"ನನ್ನದು ಬ್ಯಾಡ," ಅಂದಳು ಅಂಜಿನಕ್ಕ. "ನಿಮ್ಮದು ಐತಲ್ಲ ಅತ್ತಿ. ಬುಧವಾರ ದಂಡ್ಯಾಗ ಹೇಳಿದ್ರಿ. ನಾ ಕದ್ದಿಲ್ಲ ಅಂತ ಆ ಮಂದಿಗೇ ಹೇಳ್ರಿ. ಹೇಳೋತನಕ ಅಮಾಸಿ ಹೋಳಿಗಿಗೆ ನಾ ಕೈ ಹಚ್ಚಲ್ಲ. ನನ್ನ ಗಂಡಗ ಎಡಿ ಇಡೋದು ನಾನ. ಕಳ್ಳಿ ಕೈಲೆ ಇಡಲ್ಲ."

ಹಿರಿಯರ ಹೆಸರಿನಲ್ಲಿ ಎಡೆ ಇಡುವ ಹಬ್ಬ ಅದು. ಇಪ್ಪತ್ತು ಮಂದಿಯ ಅಡುಗೆ. ಎರ್ರೆಮ್ಮ ತಾಟು ಸರಿಸಿ ಎದ್ದಳು.

ಸೋಮವಾರ ಬೆಳಿಗ್ಗೆ ಆಣೆ ನೋಡಲೆಂದು ಎಂದಿಗಿಂತ ಹೆಚ್ಚು ಮಂದಿ ಸೇರಿದ್ದರು. ಕೆಲವರಿಗೆ ಆಚೆ ಕೆಲಸವೇ ಇರಲಿಲ್ಲ. ಎರ್ರೆಮ್ಮ ಮೆಟ್ಟಿಲ ಮೇಲೆ ನಿಂತು, ಹೊಳೆಯ ಕಡೆ ಮುಖ ಮಾಡಿ, "ಪೈಪು ಸೀಳಿತ್ತಂತ. ಹೊಸದು ಹಾಕಿಸೀವಿ," ಅಂದಳು. ಅಷ್ಟೇ ಹೇಳಿ ತಿರುಗಿದಳು.

"ಮತ್ತ ಕಳ್ಳಿ ಯಾರಂತ?" ಎಂದು ಕೇಳಿದಳು ಓಬಮ್ಮ, ಮಂಡಕ್ಕಿ ಅಳೆಯುವುದನ್ನು ನಿಲ್ಲಿಸದೆ.

ಎರ್ರೆಮ್ಮ ನಿಂತಳು. ಅಂಜಿನಕ್ಕ ಕೆಳಗಿನ ಮೆಟ್ಟಿಲಲ್ಲಿ ಇದ್ದಳು. ಅವಳೂ ಕಾಯುತ್ತಿದ್ದಳು.

"ಅಂಜಿನಿ ಕದ್ದಿಲ್ಲ," ಅಂದಳು ಎರ್ರೆಮ್ಮ. "ನಾ ತಪ್ಪು ತಿಳಕೊಂಡೆ."

ಓಬಮ್ಮ ಮಂಡಕ್ಕಿ ಅಳತೆಯನ್ನು ಕೆಳಗಿಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಆ ಮೆಟ್ಟಿಲ ಮೇಲೆ ಆ ಮಾತನ್ನು ಅವಳು ಕೇಳಿರಲಿಲ್ಲ. ಅವಳಿಗಾಗಿ ಯಾರೂ ಹೇಳಿರಲಿಲ್ಲ.

ಅಂಜಿನಕ್ಕ ಮನೆಗೆ ಹೋಗಿ ಹೂರಣ ರುಬ್ಬಿದಳು, ಗಾಳೆಪ್ಪನಿಗೆ ಎಡೆ ಇಟ್ಟಳು. ಊಟ ಮುಗಿಸಿ ಎಲೆ ಎತ್ತುವಾಗ ಹುಲುಗೇಶ ಬಹಳ ಪ್ರೀತಿಯಿಂದ, "ಅತ್ತಿಗಿ, ಇನ್ನ ಮ್ಯಾಲೆ ಟ್ಯಾಂಕು, ಪೈಪು ನೀನ ನೋಡ್ಕೊಳವ್ವ. ಮಧ್ಯಾಹ್ನ ಹೆಂಗೂ ಬರ್ತಿ. ನಿನಗ ಚಂದ ಗೊತ್ತಾಗ್ತತಿ," ಅಂದ.

ಎರ್ರೆಮ್ಮ ತಲೆಯಾಡಿಸಿದಳು. ಅರ್ಚನಾ ಮಾತ್ರ ಎಲೆ ಎತ್ತುವುದನ್ನು ಬಿಟ್ಟು ಅಂಜಿನಕ್ಕನನ್ನು ನೋಡಿದಳು.

"ನಾ ಮಧ್ಯಾಹ್ನ ಬರಲ್ಲ," ಅಂದಳು ಅಂಜಿನಕ್ಕ. "ಬುತ್ತಿ ಬೆಳಿಗ್ಗೆ ಕಟ್ಟಿ ಇಡ್ತೀನಿ. ನೀ ಹೋಗುವಾಗ ಒಯ್ಯಿ. ಉಂಡ ತಾಟು ಹೊಳ್ಯಾಗ ತೊಳಿ, ನೀರು ಅಲ್ಲೇ ಐತಿ. ದೋಣಿ ನಿನ್ನದು, ತಳನೂ ನಿನ್ನದು."

"ಮತ್ತ ನೀ ಏನು ಮಾಡ್ತಿ?"

"ಮನ್ಯಾಗ ಇರ್ತೀನಿ," ಅಂದಳು.

ಮಂಗಳವಾರ ಸಂಜೆ ಹುಲುಗೇಶ ದೋಣಿಯ ಚಿಂದಿಯನ್ನು ಸರಿಯಾಗಿ ಹಿಂಡದೆ ತಂದು ಕಟ್ಟೆಯ ಮೇಲೆ ಹಾಕಿದ. ಅವನ ಅಂಗಿಯ ಎದೆಯೆಲ್ಲ ಒಣಗಿದ ಮಜ್ಜಿಗೆಯ ಕಲೆ, ಹುಳಿ ವಾಸನೆ. ಅಂಜಿನಕ್ಕ ಒಲೆಯ ಮುಂದಿನಿಂದ ಏಳಲಿಲ್ಲ. ಅವನು ಖಾಲಿ ಮಜ್ಜಿಗೆ ಬಾಟಲಿ ಹಿಡಿದುಕೊಂಡು ಬಾಗಿಲಿಗೆ ಬಂದ.

"ಅತ್ತಿಗಿ," ಅಂದ, "ಇದನ್ನೂ ಅರ್ಧ ಸುತ್ತ?"

"ಅದನ್ನೂ ಅರ್ಧ ಸುತ್ತ," ಅಂದಳು ಅಂಜಿನಕ್ಕ, ರೊಟ್ಟಿ ತಿರುವುತ್ತ.